ಮಣ್ಣಿನಲ್ಲಿ ಇದ್ದದ್ದೆಲ್ಲ ಬೇರಲ್ಲ

ಮೂರನೇ ತರಗತಿಯ ಹುಡುಗಿಯೊಬ್ಬಳು ಆಲೂಗಡ್ಡಿಯ ಚಿತ್ರದ ಕೆಳಗೆ ‘ಕಾಂಡ’ ಎಂದು ಬರೆದಿದ್ದಳು. ಮರುದಿನ ನೋಡಿದರೆ ಅದನ್ನು ಅಳಿಸಿ ‘ಬೇರು’ ಎಂದು ಬರೆದಿತ್ತು. ತಿದ್ದಿದವರು ಅವಳ ಅಪ್ಪ. ಫೋನ್ ಮಾಡಿದೆ. “ಅಲ್ರೀ ಸರ್, ಮಣ್ಣಾಗ ಇರೋದು ಬೇರೇ ಅಲ್ಲೇನ್ರಿ?” ಎಂದರು.

ಭಾಲ್ಕಿ ಕಡೆ ಮಕ್ಕಳಿಗೆ ವಿಜ್ಞಾನ ಕಲಿಸುವ ನಾನು ಈ ಮಾತನ್ನು ಪ್ರತಿ ವರ್ಷ ಕೇಳುತ್ತೇನೆ. ಬೇಜಾರಾಗುತ್ತದೆ, ಯಾಕೆಂದರೆ ಮಗು ಸರಿಯಾಗಿ ಬರೆದದ್ದನ್ನೇ ಮನೆಯಲ್ಲಿ ಅಳಿಸುತ್ತಾರೆ.

ಹೂವು, ಹಣ್ಣು, ಎಲೆ ಮಕ್ಕಳಿಗೆ ಗೊತ್ತು, ಬಿಡಿ. ತೊಡಕಿರುವುದು ಮಣ್ಣೊಳಗೆ. ಉಳ್ಳಾಗಡ್ಡಿ, ಆಲೂಗಡ್ಡಿ ಅಂತ ನಾವೇ ಎಲ್ಲಕ್ಕೂ ಗಡ್ಡಿ ಎಂದುಬಿಟ್ಟಿದ್ದೇವೆ. ಉಬ್ಬಿದ್ದು ಗಡ್ಡಿ, ಅಷ್ಟೇ. ಬೇರು ಉಬ್ಬಿತೋ ಕಾಂಡ ಉಬ್ಬಿತೋ, ಹೆಸರು ಹೇಳುವುದಿಲ್ಲ.

ಆ ಅಪ್ಪ ಕಬ್ಬು ಬೆಳೆಯುವವರು. ಕಬ್ಬಿನಿಂದಲೇ ಶುರು ಮಾಡಿದೆ. ನಾಟಿ ಮಾಡುವಾಗ ತುಂಡಿನಲ್ಲಿ ಕಣ್ಣು ನೋಡ್ತೀರಿ ಅಲ್ವಾ? ಕಣ್ಣಿಲ್ಲದಿದ್ದರೆ ಮೊಳೆಯುವುದಿಲ್ಲ. ಕಣ್ಣು ಕೂರುವುದು ಗಣಿಕೆಯಲ್ಲಿ, ಅಂದರೆ ಗಿಣ್ಣಿನಲ್ಲಿ, ಗಣಿಕೆ ಇರುವುದು ಕಾಂಡಕ್ಕೆ. ಈಗ ಒಂದು ಆಲೂಗಡ್ಡಿ ತಿರುಗಿಸಿ ನೋಡಿ, ಅಲ್ಲೂ ತಗ್ಗು ತಗ್ಗಾಗಿ ಕಣ್ಣುಗಳಿವೆ, ಮೊಳಕೆ ಬರುವುದು ಅವುಗಳಿಂದಲೇ. ಎಲೆ ಮಾಡಿದ ಆಹಾರವನ್ನು ಕೂಡಿಟ್ಟುಕೊಂಡು ಮಣ್ಣೊಳಗೆ ಉಬ್ಬಿದ ಕಾಂಡ ಅದು. ಹಸಿ ಶುಂಠಿಯೂ ಹಾಗೇ, ಮೈಮೇಲಿನ ಗೆರೆಗಳು ಗಣಿಕೆಗಳೇ. ಗಜ್ಜರಿ ತಗೊಳ್ಳಿ, ಎಲೆ ಬರುವ ತಲೆಯೊಂದನ್ನು ಬಿಟ್ಟರೆ ಮೈಯೆಲ್ಲ ಹುಡುಕಿದರೂ ಕಣ್ಣಿಲ್ಲ, ಕೂದಲಿನಂಥ ಎಳೆಗಳಷ್ಟೇ. ಅದು ಬೇರು.

ಸ್ವಲ್ಪ ಹೊತ್ತು ಸುಮ್ಮನಿದ್ದು “ಹೌದಲ್ರೀ!” ಎಂದರು. ಆ ದನಿಯಲ್ಲಿದ್ದ ಖುಷಿ ನನಗೆ ಇನ್ನೂ ನೆನಪಿದೆ.

ಉಳ್ಳಾಗಡ್ಡಿಯನ್ನು ಉದ್ದಕ್ಕೆ ಸೀಳಿ. ಬುಡದಲ್ಲಿರುವ ತಟ್ಟೆಯಂಥ ಗಟ್ಟಿ ಭಾಗ ಕಾಂಡ, ಅದರ ಕೆಳಗಿನ ದಾರಗಳು ಬೇರು. ನಾವು ತಿನ್ನುವ ಪದರಗಳು ಎಲೆಗಳ ಬುಡ. ಇನ್ನು ಶೇಂಗಾ. ಹಳದಿ ಹೂವು ಅರಳುವುದು ಮಣ್ಣಿನ ಮೇಲೆ. ಆಮೇಲೆ ಹೂವಿನ ಬುಡದಿಂದ ಸೂಜಿಯಂಥ ಕಡ್ಡಿಯೊಂದು ಬಾಗಿ ಮಣ್ಣಿಗೆ ಇಳಿಯುತ್ತದೆ, ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಅಂದರೆ ಅದು ಕಾಯಿಯೇ, ತೊಗರಿಕಾಯಿ ಇದ್ದ ಹಾಗೆ. ಗಿಡ ಕಿತ್ತು ತೋರಿಸಿದರೆ ಮಕ್ಕಳು ಕೂಗಿಬಿಡುತ್ತಾರೆ.

ಒಂದು ಎಚ್ಚರಿಕೆ. ಮೊಳಕೆ ಬಂದದ್ದೆಲ್ಲ ಕಾಂಡ ಅಂತಲೂ ಹೇಳಬೇಡಿ. ಗೆಣಸು ಬೇರು, ಆದರೂ ಮೊಳೆಯುತ್ತದೆ. ಹೀಗಾಗಿ ಮೊಳಕೆಯೊಂದನ್ನೇ ನೋಡಿ ತೀರ್ಮಾನ ಮಾಡುವುದು ಬೇಡ, ಸಾಲಾಗಿ ಗಣಿಕೆ, ಕಣ್ಣು ಇವೆಯಾ ನೋಡಿ. ಸಣ್ಣ ಮಕ್ಕಳಿಗೆ ಗುಪ್ತಕಾಂಡ (ಮಣ್ಣೊಳಗಿನ ಕಾಂಡ) ಎಂಬಂಥ ಹೆಸರುಗಳನ್ನು ಬಾಯಿಪಾಠ ಮಾಡಿಸುವುದೂ ಬೇಡ. ಆಲೂಗಡ್ಡಿಯನ್ನು ಬೆಳಕಿನಲ್ಲಿಟ್ಟು ಹಸಿರಾಗುವುದನ್ನು ತೋರಿಸಬಹುದು, ಆದರೆ ಹಸಿರಾದದ್ದನ್ನು ಅಡುಗೆಗೆ ಹಾಕಬೇಡಿ, ಅದರಲ್ಲಿ ವಿಷದ ಅಂಶ ಜಾಸ್ತಿ ಇರುತ್ತದೆ.

ಎಳ್ಳಮಾಸಿ ಹಬ್ಬಕ್ಕೆ ಹಲವು ತರಕಾರಿ, ಕಾಳು ಬೆರೆಸಿ ಮಾಡುವ ಭಜ್ಜಿಯ ತರಕಾರಿ ಹೆಚ್ಚುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದು ಮನೆಯವರಿಗೆಲ್ಲ ಹೇಳಿದ್ದೆ. ಹಬ್ಬ ಮುಗಿಸಿ ಬಂದ ಅದೇ ಹುಡುಗಿ ಬಾಗಿಲಲ್ಲೇ ನಿಂತು ಬೆರಳು ಮಡಚಿದಳು. ಮೆಂತ್ಯ ಎಲೆ, ಗಜ್ಜರಿ ಬೇರು, ಬದನೆ ಕಾಯಿ, ಹಸಿ ತೊಗರಿ ಬೀಜ. “ಹೂವು ಸಿಗಲಿಲ್ರಿ ಸರ್. ಮುಂದಿನ ವರ್ಷ ಅಜ್ಜಿಗೆ ಹೇಳಿ ಹೂಕೋಸು ಹಾಕಿಸ್ತೀನಿ.”