ಟೇಬಲ್‌ನಿಂದ ಮಾಹಿತಿ ತೆಗೆದು ಉಳಿಸುವ ಬ್ಯಾಚ್ ಫೈಲ್: ಮೈಎಸ್‌ಕ್ಯೂಎಲ್ ಅಧ್ಯಯನ ಟಿಪ್ಪಣಿ

ಮೈಎಸ್‌ಕ್ಯೂಎಲ್ ಅಂದರೆ ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಡೇಟಾಬೇಸ್ ತಂತ್ರಾಂಶ. ಬ್ಯಾಚ್ ಫೈಲ್ ಅಂದರೆ ಕಮಾಂಡ್‌ಗಳನ್ನು ಬರೆದಿಟ್ಟು ಬೇಕಾದಾಗ ಒಟ್ಟಿಗೆ ಓಡಿಸುವ ಫೈಲ್. ದಿನಾ ಕೇಳುವ ಪ್ರಶ್ನೆಯನ್ನು ಅದರಿಂದ ಓಡಿಸಿ ಉತ್ತರ ಉಳಿಸುವುದು ಹೇಗೆಂದು ನೋಡೋಣ. ಉದಾಹರಣೆಗೆ ಕೋಲಾರ ಎಪಿಎಂಸಿಯ ಟೊಮೆಟೊ ಹರಾಜನ್ನೇ ತೆಗೆದುಕೊಳ್ಳೋಣ. ಬಾಕ್ಸ್ ಅಂದರೆ 15 ಕೆಜಿ ಎಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2023ರ ಜುಲೈನಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ನೋಡಿದ್ದೇವೆ. ಇಷ್ಟು ಏರಿಳಿಯುವ ದರವನ್ನು ‘ಮಂಡಿ’ ಎಂಬ ಡೇಟಾಬೇಸ್‌ನ ‘ಹರಾಜು’ ಟೇಬಲ್‌ಗೆ ತುಂಬಿಸುತ್ತಿದ್ದೇವೆ ಎಂದುಕೊಳ್ಳಿ. ದಿನಾ ಸಂಜೆ ಕೇಳುವ ಪ್ರಶ್ನೆ ಒಂದೇ: ಯಾವ ತಾಲೂಕಿನಿಂದ ಎಷ್ಟು ಬಾಕ್ಸ್ ಬಂತು, ಕಡಿಮೆ ದರ ಎಷ್ಟು, ಜಾಸ್ತಿ ಎಷ್ಟು. ಅದನ್ನು ದಿನಾ ಕೈಯಲ್ಲಿ ಟೈಪ್ ಮಾಡುವುದು ಸುಮ್ನೆ ಕೆಲಸ.

ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಟೇಬಲ್ ಮತ್ತು ಕಾಲಂಗಳ ಹೆಸರು ಮಾತ್ರ ನಿಜವಾಗಿಯೂ ಕನ್ನಡದಲ್ಲಿರಬಹುದು, ಮೈಎಸ್‌ಕ್ಯೂಎಲ್ ಒಪ್ಪುತ್ತದೆ. ಆದರೆ ಕೀಬೋರ್ಡ್ ಬದಲಿಸುತ್ತಾ ಕೂರುವುದು ಬೇಡ ಎನ್ನುವವರು ಅವನ್ನೂ ಇಂಗ್ಲಿಷ್‌ನಲ್ಲಿಡಿ.

ಮೊದಲು ಪ್ರಶ್ನೆಯನ್ನು ಒಂದು ಫೈಲ್‌ನಲ್ಲಿ ಬರೆದಿಡಬೇಕು. ಅದರ ಹೆಸರು ದರ.ಎಸ್‌ಕ್ಯೂಎಲ್ ಎಂದಿರಲಿ. ಒಳಗೆ ಇಷ್ಟೇ:

ಸೆಲೆಕ್ಟ್ ತಾಲೂಕು, ಸಮ್(ಬಾಕ್ಸ್), ಮಿನ್(ದರ), ಮ್ಯಾಕ್ಸ್(ದರ) ಫ್ರಮ್ ಹರಾಜು ವೇರ್ ದಿನಾಂಕ = ಕರ್‌ಡೇಟ್() ಗ್ರೂಪ್ ಬೈ ತಾಲೂಕು;

ಈ ಸಾಲಿನಲ್ಲೇ ಬೀಳಬಹುದಾದ ಎರಡು ಗುಂಡಿಗಳಿವೆ. ಕರ್‌ಡೇಟ್ ಅಂದರೆ ಕ್ವೆರಿ (ಮೇಲೆ ಬರೆದ ಪ್ರಶ್ನೆಯ ಸಾಲು) ಓಡುವ ಹೊತ್ತಿನ ದಿನಾಂಕ. ಕೆಲಸವನ್ನು ರಾತ್ರಿ 12.30ಕ್ಕೆ ಹಚ್ಚಿಟ್ಟರೆ ಆಗಲೇ ಮರುದಿನ ಶುರುವಾಗಿರುತ್ತದೆ, ಒಂದು ಸಾಲೂ ಬರುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಎರಡನೆಯದು ತಾಲೂಕಿನ ಹೆಸರು. ಒಬ್ಬರು ಮುಳಬಾಗಿಲು ಎನ್ನುತ್ತಾರೆ, ಇನ್ನೊಬ್ಬರು ಮುಳಬಾಗಲು ಎಂದು ಬರೆಯುತ್ತಾರೆ. ಗ್ರೂಪ್ ಬೈಗೆ ಅವು ಎರಡು ಬೇರೆ ಊರು. ತಾಲೂಕುಗಳಿಗೆ ಬೇರೆಯೇ ಟೇಬಲ್ ಮಾಡಿ ನಂಬರ್ ಕೊಡುವುದು ಒಳ್ಳೆಯದು. ಜಿಲ್ಲೆಯಲ್ಲಿ ಇರುವುದೇ ಆರು ತಾಲೂಕು, ಕಷ್ಟವೇನಿಲ್ಲ ಅಲ್ವಾ? ಸರಾಸರಿ ದರ ಬೇಕಾದರೆ ದರದ ಕಾಲಂ ಮೇಲೆ ನೇರವಾಗಿ ಆವರೇಜ್ ಹಾಕಬೇಡಿ. 10 ಬಾಕ್ಸ್‌ನ ಲಾಟಿಗೂ 500 ಬಾಕ್ಸ್‌ನ ಲಾಟಿಗೂ ಅದು ಒಂದೇ ತೂಕ ಕೊಡುತ್ತದೆ. ಬಾಕ್ಸ್ ಗುಣಿಸು ದರ, ಅದರ ಮೊತ್ತವನ್ನು ಒಟ್ಟು ಬಾಕ್ಸ್‌ನಿಂದ ಭಾಗಿಸಿ.

ಈಗ ಬ್ಯಾಚ್ ಫೈಲ್‌ನಲ್ಲಿ ಹಾಕಿ ಓಡಿಸುವ ಸಾಲು:

ಮೈಎಸ್‌ಕ್ಯೂಎಲ್ -ಯು ಓದುಗ -ಪಿ ಮಂಡಿ < ದರ.ಎಸ್‌ಕ್ಯೂಎಲ್ > ಇಂದು.ಟಿಎಕ್ಸ್‌ಟಿ

ಚಿಹ್ನೆ ಎಡಕ್ಕೆ ಚೂಪಾದರೆ ಫೈಲ್‌ನಿಂದ ಓದು, ಬಲಕ್ಕೆ ಚೂಪಾದರೆ ಫೈಲ್‌ಗೆ ಬರೆ ಎಂದರ್ಥ. ನೆನಪಿರುವುದಿಲ್ಲ ಎನ್ನುವವರು ಬಾಣದ ಮೊನೆ ನೋಡಿದರೆ ಸಾಕು: ಮೊನೆ ಯಾವ ಕಡೆಗಿದೆಯೋ ಮಾಹಿತಿ ಆ ಕಡೆಗೆ ಹೋಗುತ್ತದೆ. ಯು ಯೂಸರ್ ಹೆಸರಿಗೆ, ಚಿಕ್ಕ ಪಿ ಪಾಸ್‌ವರ್ಡ್‌ಗೆ, ದೊಡ್ಡ ಪಿ ಪೋರ್ಟ್‌ಗೆ. ಪಾಸ್‌ವರ್ಡನ್ನು ಪಿ ಆದ ಮೇಲೆ ಜಾಗ ಬಿಟ್ಟು ಬರೆದರೆ ಅದನ್ನು ಡೇಟಾಬೇಸ್‌ನ ಹೆಸರು ಎಂದು ತಿಳಿದುಕೊಳ್ಳುತ್ತದೆ. ಜಾಗ ಬಿಡದೆ ಬರೆದರೆ ಕೆಲಸ ಆಗುತ್ತದೆ, ಆದರೆ ಬ್ಯಾಚ್ ಫೈಲ್ ತೆರೆದವರಿಗೆಲ್ಲ ಕಾಣುತ್ತದೆ. ಮೈಎಸ್‌ಕ್ಯೂಎಲ್‌ನ ಆಪ್ಶನ್ ಫೈಲ್‌ನಲ್ಲಿ ಕ್ಲೈಂಟ್ ಎಂಬ ಭಾಗದ ಕೆಳಗೆ ಇಟ್ಟು, ಆ ಫೈಲನ್ನು ನೀವೊಬ್ಬರೇ ಓದುವಂತೆ ಮಾಡಿ. ಕ್ವೆರಿಗೆ ಬಳಸುವ ಯೂಸರ್‌ಗೆ ಸೆಲೆಕ್ಟ್ ಅನುಮತಿ ಮಾತ್ರ ಕೊಟ್ಟರೆ ನಿದ್ದೆ ಚೆನ್ನಾಗಿ ಬರುತ್ತದೆ.

ಪರದೆ ಮೇಲೆ ಕಾಣುವ ಗೆರೆಗಳ ಚೌಕ ಈ ಫೈಲ್‌ನಲ್ಲಿ ಇರುವುದಿಲ್ಲ. ಬ್ಯಾಚ್ ಮೋಡ್‌ನಲ್ಲಿ ಕಾಲಂಗಳ ನಡುವೆ ಟ್ಯಾಬ್ ಮಾತ್ರ ಇರುತ್ತದೆ. ಚೌಕವೇ ಬೇಕೆಂದರೆ -ಟಿ ಹಾಕಿ. ಕಾಲಂಗಳ ಹೆಸರು ಬೇಡವೆಂದರೆ ದೊಡ್ಡ ಅಕ್ಷರದ -ಎನ್.

ನನ್ನ ಪ್ರಕಾರ ಈ ಪಾಠದಲ್ಲಿ ಕಲಿಯಬೇಕಾದದ್ದು ಕ್ವೆರಿಗಿಂತ ಆ ಬಲಗಡೆಯ ಬಾಣ. ಕಮಾಂಡ್ ಶುರುವಾಗುವ ಮೊದಲೇ ಅದು ಫೈಲನ್ನು ಖಾಲಿ ಮಾಡಿಬಿಡುತ್ತದೆ. ಪಾಸ್‌ವರ್ಡ್ ತಪ್ಪಿರಲಿ, ಸರ್ವರ್ ನಿಂತಿರಲಿ, ನಿನ್ನೆಯ ಒಳ್ಳೆಯ ಫೈಲ್ ಆಗಲೇ ಹೋಗಿರುತ್ತದೆ. ಎರರ್ ಸಂದೇಶ ಆ ಫೈಲ್‌ಗೆ ಬರುವುದಿಲ್ಲ, ಪರದೆಗೆ ಹೋಗುತ್ತದೆ. ರಾತ್ರಿ ಹೊತ್ತು ಪರದೆ ನೋಡುವವರು ಯಾರು? ಹಾಗಾಗಿ ಮೊದಲು ತಾತ್ಕಾಲಿಕ ಹೆಸರಿನ ಫೈಲ್‌ಗೆ ಬರೆಯಬೇಕು. ಎರರ್‌ಗಳನ್ನು 2>> ಎಂದು ಹಾಕಿ ಬೇರೆ ಲಾಗ್ ಫೈಲ್‌ಗೆ ಕಳಿಸಬೇಕು. ಕಮಾಂಡ್ ಸರಿಯಾಗಿ ಮುಗಿದರೆ ಮಾತ್ರ ಹೆಸರು ಬದಲಿಸಬೇಕು. ಮುಗಿದದ್ದು ಗೊತ್ತಾಗುವುದು ಎಕ್ಸಿಟ್ ಕೋಡ್‌ನಿಂದ: ಸೊನ್ನೆ ಬಂದರೆ ಸರಿ, ಬೇರೆ ಏನು ಬಂದರೂ ತೊಂದರೆ. ವಿಂಡೋಸ್ ಬ್ಯಾಚ್ ಫೈಲ್‌ನಲ್ಲಿ ‘ಇಫ್ ಎರರ್‌ಲೆವೆಲ್ 1’ ಎಂದರೆ 1 ಅಥವಾ ಅದಕ್ಕಿಂತ ಹೆಚ್ಚು ಎಂದರ್ಥ, ಅಷ್ಟು ಬರೆದರೆ ಸಾಕು.

ಫಲಿತಾಂಶವನ್ನು ಇನ್ನೊಂದು ಟೇಬಲ್ ಆಗಿ ಉಳಿಸುವುದೂ ಉಂಟು. ‘ಕ್ರಿಯೇಟ್ ಟೇಬಲ್ ಹೊಸದು ಆಸ್ ಸೆಲೆಕ್ಟ್…’ ಸುಲಭದ ದಾರಿ, ಆದರೆ ಇಂಡೆಕ್ಸ್‌ಗಳು (ಬೇಗ ಹುಡುಕಲು ಇರುವ ಸೂಚಿಗಳು) ಜೊತೆಗೆ ಬರುವುದಿಲ್ಲ. ಟೇಬಲ್‌ನ ರೂಪ ಹಾಗೇ ಬೇಕಾದರೆ ‘ಕ್ರಿಯೇಟ್ ಟೇಬಲ್ ಹೊಸದು ಲೈಕ್ ಹರಾಜು’ ಎಂದು ಮಾಡಿ, ಆಮೇಲೆ ಇನ್ಸರ್ಟ್ ಸೆಲೆಕ್ಟ್. ‘ಇಂಟು ಔಟ್‌ಫೈಲ್’ ಎಂಬುದೂ ಒಂದಿದೆ. ಅದು ಫೈಲ್ ಬರೆಯುವುದು ನಿಮ್ಮ ಕಂಪ್ಯೂಟರ್‌ನಲ್ಲಲ್ಲ, ಸರ್ವರ್‌ನಲ್ಲಿ. ವಿಶೇಷ ಅನುಮತಿ ಬೇಕು, ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಓಡುವುದಿಲ್ಲ. ಕಾಲೇಜು ಲ್ಯಾಬ್‌ನಲ್ಲಿ ಇದರ ಗೊಡವೆಗೆ ಹೋಗದಿರುವುದೇ ಮೇಲು.

ಕನ್ನಡ ಅಕ್ಷರ ಪ್ರಶ್ನೆ ಚಿಹ್ನೆಗಳಾಗಿ ಬಂದರೆ ಸಂಪರ್ಕದ ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಪದ್ಧತಿ) ನೋಡಿ. ಡೀಫಾಲ್ಟ್-ಕ್ಯಾರೆಕ್ಟರ್-ಸೆಟ್ ಅನ್ನು ಯುಟಿಎಫ್8ಎಂಬಿ4 ಎಂದು ಕೊಡಿ. ಹಳೆಯ ಮೂರು ಬೈಟ್‌ನ ಯುಟಿಎಫ್8ನಲ್ಲೂ ಕನ್ನಡ ಹಿಡಿಸುತ್ತದೆ, ಯಾಕೆಂದರೆ ನಮ್ಮ ಪ್ರತಿ ಸಂಕೇತಕ್ಕೂ ಮೂರೇ ಬೈಟ್ ಸಾಕು. ಹಿಡಿಸದಿರುವುದು ಎಮೋಜಿ. ಫೈಲ್ ಸರಿಯಿದ್ದೂ ಎಕ್ಸೆಲ್‌ನಲ್ಲಿ ಮಾತ್ರ ಕೆಟ್ಟದಾಗಿ ಕಂಡರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ಡೇಟಾ ಮೆನುವಿನಿಂದ ಯುಟಿಎಫ್-8 ಆರಿಸಿ ಒಳಗೆ ತನ್ನಿ.

ಪೂರ್ತಿ ಟೇಬಲ್ ಉಳಿಸಲು ಮೈಎಸ್‌ಕ್ಯೂಎಲ್‌ಡಂಪ್:

ಮೈಎಸ್‌ಕ್ಯೂಎಲ್‌ಡಂಪ್ --ಸಿಂಗಲ್-ಟ್ರಾನ್ಸಾಕ್ಷನ್ --ರಿಸಲ್ಟ್-ಫೈಲ್=ಹರಾಜು.ಎಸ್‌ಕ್ಯೂಎಲ್ ಮಂಡಿ ಹರಾಜು

ಡೇಟಾಬೇಸ್ ಹೆಸರು ಮೊದಲು, ಟೇಬಲ್ ಹೆಸರು ಆಮೇಲೆ. ಸಿಂಗಲ್ ಟ್ರಾನ್ಸಾಕ್ಷನ್ ಇದ್ದರೆ ಇನ್ನೊಡಿಬಿ (ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಬಗೆಯ) ಟೇಬಲ್‌ಗಳನ್ನು ಲಾಕ್ ಮಾಡದೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಬಾಣದ ಬದಲು ರಿಸಲ್ಟ್-ಫೈಲ್ ಬರೆದದ್ದಕ್ಕೆ ಕಾರಣವಿದೆ. ವಿಂಡೋಸ್‌ನ ಜೊತೆಗೇ ಬರುವ ಪವರ್‌ಶೆಲ್‌ನಲ್ಲಿ ಬಾಣ ಹಾಕಿದರೆ ಫೈಲ್ ಯುಟಿಎಫ್-16 ಆಗುತ್ತದೆ, ಅದನ್ನು ಮೈಎಸ್‌ಕ್ಯೂಎಲ್ ಮತ್ತೆ ಓದಿಕೊಳ್ಳುವುದಿಲ್ಲ. ಓದುವ ಬಾಣವಂತೂ ಪವರ್‌ಶೆಲ್‌ನಲ್ಲಿ ನಡೆಯುವುದೇ ಇಲ್ಲ. ಈ ಕೆಲಸಕ್ಕೆ ಹಳೆಯ ಕಮಾಂಡ್ ಪ್ರಾಂಪ್ಟೇ ವಾಸಿ. ನಡುವೆ ಕರೆಂಟ್ ಹೋದರೆ ಡಂಪ್ ಅರ್ಧಕ್ಕೆ ನಿಂತಿರುತ್ತದೆ. ಪೂರ್ತಿ ಆಗಿದ್ದರೆ ಕೊನೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಎಂದಿರುತ್ತದೆ. ಬ್ಯಾಚ್ ಫೈಲ್‌ನಲ್ಲೇ ಆ ಪದಗಳನ್ನು ಹುಡುಕಿಸಿ, ಸಿಕ್ಕರೆ ಮಾತ್ರ ಹಳೆಯದನ್ನು ಬದಲಿಸಿ.

ಶೇಕಡಾ ಚಿಹ್ನೆ ಎಲ್ಲ ಕಡೆ ತರಲೆ. ವಿಂಡೋಸ್ ಬ್ಯಾಚ್ ಫೈಲ್ ಒಳಗೇ ಪದ ಹೋಲಿಸುವ ಲೈಕ್ ಬಳಸಿ ಕ್ವೆರಿ ಬರೆದರೆ ಒಂದು % ಬದಲು ಎರಡು ಹಾಕಬೇಕು. ಲಿನಕ್ಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಅದನ್ನು ಹೊಸ ಸಾಲು ಎಂದು ತಿಳಿಯುತ್ತದೆ, ಶೇಕಡಾ ಚಿಹ್ನೆಗೂ ಮೊದಲು ಹಿಂಬದಿ ಓರೆಗೆರೆ (\) ಬೇಕು. ಕ್ವೆರಿಯನ್ನು ಎಸ್‌ಕ್ಯೂಎಲ್ ಫೈಲ್‌ನಲ್ಲೇ ಬಿಟ್ಟರೆ ಈ ರಗಳೆ ಇಲ್ಲ.

ಡಂಪ್ ವಾಪಸ್ ಹಾಕಿ ನೋಡದೆ ಅದನ್ನು ನಂಬಬೇಡಿ. ಆದರೆ ಹುಷಾರು, ಅದರೊಳಗೆ ಹಳೆಯ ಟೇಬಲನ್ನು ಅಳಿಸುವ ‘ಡ್ರಾಪ್ ಟೇಬಲ್’ ಸಾಲು ತಾನಾಗಿ ಬಂದಿರುತ್ತದೆ. ‘ಮಂಡಿ_ಪರೀಕ್ಷೆ’ ಎಂಬ ಖಾಲಿ ಡೇಟಾಬೇಸ್ ಮಾಡಿ ಅದಕ್ಕೆ ಹಾಕಿ, ಎರಡೂ ಕಡೆ ಸಾಲುಗಳ ಎಣಿಕೆ ಮತ್ತು ಬಾಕ್ಸ್ ಮೊತ್ತ ತಾಳೆ ನೋಡಿ. ಡಂಪ್ ಮಾಡುವಾಗ --ಡೇಟಾಬೇಸಸ್ ಎಂದು ಕೊಟ್ಟಿದ್ದರೆ ಫೈಲ್‌ನಲ್ಲಿ ‘ಯೂಸ್ ಮಂಡಿ’ ಎಂಬ ಸಾಲೂ ಇರುತ್ತದೆ. ಆಗ ನೀವು ಪರೀಕ್ಷೆಯ ಡೇಟಾಬೇಸ್ ಹೆಸರು ಕೊಟ್ಟರೂ ಅದು ನೇರ ಅಸಲಿ ಮಂಡಿಗೇ ಹೋಗಿ ಟೇಬಲ್ ಅಳಿಸಿ ಹಳೆಯದನ್ನು ತುಂಬುತ್ತದೆ. ವಾಪಸ್ ಹಾಕುವ ಮೊದಲು ಫೈಲ್‌ನ ಮೇಲಿನ ಸಾಲುಗಳನ್ನು ಒಮ್ಮೆ ಓದಿ.