ಫೀಲ್ಡು ನಮ್ಮದು, ಹುದ್ದೆ ಬೆಂಗಳೂರಿನದು

ಸಂಶೋಧನೆ ಕೆಲಸದ ಜಾಹೀರಾತು ಬಂದರೆ ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಹುದ್ದೆಯ ಹೆಸರು, ವಿದ್ಯಾರ್ಹತೆ ಎಲ್ಲ ಮೇಲಿರುತ್ತದೆ. ಅಸಲಿ ವಿಷಯ ಇರುವುದು ಕೊನೆಯ ಎರಡು ಸಾಲಿನಲ್ಲಿ. ಹುದ್ದೆ ಪೂರ್ತಿ ತಾತ್ಕಾಲಿಕ, ಯೋಜನೆ ಮುಗಿದ ದಿನ ಹುದ್ದೆಯೂ ಮುಗಿಯುತ್ತದೆ. ಸಂದರ್ಶನಕ್ಕೆ ಬರುವವರಿಗೆ ಪ್ರಯಾಣ ಭತ್ಯೆ ಇಲ್ಲ.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆ ಹುಡುಗಿ ಅಂಥದ್ದೊಂದನ್ನು ಮೊಬೈಲಿನಲ್ಲಿ ತೋರಿಸಿದಳು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಕೆಲಸ ಕೊಡಗಿನ ತೋಟದ ಕಾರ್ಮಿಕರ ಬಗ್ಗೆ, ಓಡಾಟ ಎಲ್ಲ ಕೊಡಗಿನಲ್ಲೇ. ಸಂದರ್ಶನ ಮಾತ್ರ ಬೆಂಗಳೂರಿನಲ್ಲಿ. ಕಚೇರಿಯೂ ಅಲ್ಲೇ, ವರದಿ ಬರೆಯುವವರೂ ಅಲ್ಲೇ. "ಅಣ್ಣ, ನಮ್ಮೂರಿನ ಬಗ್ಗೆ ಮಾಡೋ ಕೆಲ್ಸ ನಮ್ಮೂರಲ್ಲಿ ಯಾಕಿಲ್ಲ?" ಎಂದು ಕೇಳಿದಳು. ಆಗ ಸುಮ್ನೆ ನಕ್ಕುಬಿಟ್ಟೆ. ಆಮೇಲೆ ಹಿಂದೆ ಹಿಂದೆ ಹೋಗುತ್ತಾ ನೋಡಿದರೆ ಈ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ.

1834ರಲ್ಲಿ ಬ್ರಿಟಿಷರು ಕೊಡಗನ್ನು ವಶಕ್ಕೆ ತೆಗೆದುಕೊಂಡರು. ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ ತಂದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಮುಂದೆ ಕೊಡಗಿಗೂ ಬಂದರು. ಇಲ್ಲಿನ ಜನ, ರಾಜರು, ಆಚಾರಗಳ ಬಗ್ಗೆ ಅವರು ಬರೆದ ಪುಸ್ತಕ 1855ರಲ್ಲಿ ಅಚ್ಚಾಯಿತು. ಅದೇ ಮಿಷನ್ನಿನ ರಿಕ್ಟರ್ ಅವರ ಕೊಡಗಿನ ಕೈಪಿಡಿ ಬಂದದ್ದು 1870ರಲ್ಲಿ. ಆ ಕಾಲದಲ್ಲಿ 'ಸಮಾಜ ವಿಜ್ಞಾನದ ಹುದ್ದೆ' ಅಂತ ಯಾವುದೂ ಇರಲಿಲ್ಲ. ಸಂಬಳ ಕೊಡುತ್ತಿದ್ದದ್ದು ಮಿಷನ್ನು ಅಥವಾ ಸರ್ಕಾರ. ಒಬ್ಬರಿಗೆ ಧರ್ಮ ಹರಡಬೇಕಿತ್ತು, ಇನ್ನೊಬ್ಬರಿಗೆ ಕಂದಾಯ ವಸೂಲಿ ಮಾಡಬೇಕಿತ್ತು. ಅದಕ್ಕೆ ಜನರನ್ನು ತಿಳಿದುಕೊಳ್ಳುವುದು ಬೇಕಿತ್ತು, ಅಷ್ಟೇ.

ಊರಿನವರೇ ಮಾಡಿದ ಕೆಲಸವೂ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನೆಲ್ಲ ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಇವತ್ತಾದರೆ ಇಂಥ ಕೆಲಸಕ್ಕೆ ಮೂರು ವರ್ಷದ ಯೋಜನೆ, ಇಬ್ಬರು ಸಹಾಯಕರು, ಒಂದು ಜೀಪು ಕೇಳುತ್ತಾರೆ. ಕೇಳುವುದು ತಪ್ಪೂ ಅಲ್ಲ. ಸುಮಾರು ಎಂಬತ್ತು ವರ್ಷ ಕಳೆದ ಮೇಲೆ ಅದನ್ನು ಇಂಗ್ಲಿಷಿಗೆ ತಂದವರು ಅವರದೇ ಮೊಮ್ಮಕ್ಕಳು, ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ. ಹೀಗೆ ಕೊಡಗಿನಲ್ಲಿ ಕೂತು ಮಾಡಿದ ಸಂಶೋಧನೆ ಬಹುಪಾಲು ಮನೆಯವರ ಆಸಕ್ತಿಯಾಗಿ ಉಳಿಯಿತು. ನೌಕರಿ ಆಗಲಿಲ್ಲ.

ನೌಕರಿ ಆದದ್ದು ಬೇರೆ ಕಡೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯ. 1940ರ ದಶಕದ ಆರಂಭದಲ್ಲಿ ಕೊಡಗಿಗೆ ಬಂದು ಹೋಗಿ ಮಾಡುತ್ತಾ ಮಾಹಿತಿ ಕೂಡಿಸಿದರು. 1945ರಲ್ಲಿ ಆ ಟಿಪ್ಪಣಿಗಳ ಜೊತೆ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ರಾಡ್‌ಕ್ಲಿಫ್ ಬ್ರೌನ್, ಇವಾನ್ಸ್ ಪ್ರಿಚರ್ಡ್ ಅವರ ಕೈಕೆಳಗೆ ಪ್ರಬಂಧ ಮುಗಿಯಿತು. 1952ರಲ್ಲಿ ಪುಸ್ತಕವಾಗಿ ಬಂತು. ಕೆಳಗಿನ ಜಾತಿಯವರು ಮೇಲಿನವರ ಊಟ, ಪೂಜೆ, ಆಚಾರ ಹಿಡಿದು ಮೇಲೇರಲು ನೋಡುವುದಕ್ಕೆ ಅವರು ಕೊಟ್ಟ 'ಸಂಸ್ಕೃತೀಕರಣ' ಎಂಬ ಹೆಸರು ಈಗ ಪಿಯುಸಿ ಪುಸ್ತಕದಲ್ಲೂ ಇದೆ. ಎರಡು ಅಂಕದ ಪ್ರಶ್ನೆಯಾಗಿ ಬರುತ್ತದೆ. ಆ ಮಾತು ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲಿ ಕೂಡಿಸಿದ ಮಾಹಿತಿಯಿಂದ ಎಂದು ಹೇಳಿದರೆ ಮಡಿಕೇರಿಯ ಮಕ್ಕಳೇ ಕಣ್ಣರಳಿಸುತ್ತಾರೆ.

ಪುಸ್ತಕ ಅಚ್ಚಾಗುವುದಕ್ಕೂ ಮೊದಲೇ, 1948ರಲ್ಲಿ, ಶ್ರೀನಿವಾಸರಿಗೆ ಆಕ್ಸ್‌ಫರ್ಡಿನಲ್ಲಿ ಭಾರತದ ಸಮಾಜಶಾಸ್ತ್ರ ಕಲಿಸುವ ಹುದ್ದೆ ಸಿಕ್ಕಿತು. ನನ್ನ ಲೆಕ್ಕದಲ್ಲಿ, ಕೊಡಗಿನ ಮಾಹಿತಿಯಿಂದ ಸಿಕ್ಕ ಮೊದಲ ದೊಡ್ಡ ಕೆಲಸ ಅದೇ. ಅದರ ವಿಳಾಸ ಇಂಗ್ಲೆಂಡ್.

ಶ್ರೀನಿವಾಸರ ತಪ್ಪು ಅಂತ ನಾನು ಹೇಳುತ್ತಿಲ್ಲ. ವಿಶ್ವವಿದ್ಯಾಲಯ ಎಲ್ಲಿದೆಯೋ ಕೆಲಸ ಅಲ್ಲಿರುತ್ತದೆ. ಆದರೆ ಇನ್ನೊಂದು ಪರಿಣಾಮವೂ ಆಯಿತು. ಆ ಪುಸ್ತಕ ಕೊಡವರ ಬಗ್ಗೆ. ಆಮೇಲೆ ಹೊರಗಿನವರಿಗೆ ಕೊಡಗು ಅಂದರೆ ಕೊಡವರು ಎಂದೇ ಆಯಿತು. ಅರೆಭಾಷೆ ಗೌಡರು, ಯರವರು, ಜೇನು ಕುರುಬರು, ಮಾಪಿಳ್ಳೆಗಳು, ತೋಟಕ್ಕೆ ತಮಿಳುನಾಡಿನಿಂದ ಬಂದವರು ಪುಸ್ತಕದ ಅಂಚಿನಲ್ಲಿ ಉಳಿದರು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಇಡೀ ದೇಶದಲ್ಲಿ ಕೊಡವ ಭಾಷೆ ಮಾತೃಭಾಷೆ ಎಂದು ಬರೆಸಿದವರು 1.14 ಲಕ್ಷದ ಹತ್ತಿರ. ಉಳಿದವರ ಕತೆ ಯಾರು ಬರೆಯಬೇಕು?

1956ರ ಅಕ್ಟೋಬರ್ 31ರವರೆಗೆ ಕೊಡಗು ಪುಟ್ಟದಾದರೂ ಒಂದು ರಾಜ್ಯ. ಸ್ವಂತ ವಿಧಾನಸಭೆ ಇತ್ತು, ಮುಖ್ಯಮಂತ್ರಿ ಇದ್ದರು. ಮಾರನೇ ದಿನದಿಂದ ಮೈಸೂರು ರಾಜ್ಯದ ಒಂದು ಜಿಲ್ಲೆ. ಸೇರಿದ್ದು ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ದಿನ, ಬೇರೆ ಕಾಫಿ. ಆದರೆ ದೇಶದಲ್ಲಿ ಸಮಾಜ ವಿಜ್ಞಾನಕ್ಕೆ ದುಡ್ಡು ಹರಿಯಲು ಶುರುವಾದದ್ದು ಅದಾದ ಮೇಲೆ. 1969ರಲ್ಲಿ ದೆಹಲಿಯಲ್ಲಿ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಹುಟ್ಟಿತು. ಅದರ ಹಿಂದಿದ್ದವರು ವಿ.ಕೆ.ಆರ್.ವಿ. ರಾವ್. 1972ರಲ್ಲಿ ಅವರೇ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಕಟ್ಟಿದರು. ನಾಗರಭಾವಿಯಲ್ಲಿ ಇರುವುದು ಅದೇ. ದೆಹಲಿ ಬಿಟ್ಟು ಶ್ರೀನಿವಾಸರೂ ಅಲ್ಲಿಗೇ ಬಂದರು. ಪರಿಷತ್ತಿನ ನೆರವು ಪಡೆಯುವ ಇನ್ನೊಂದು ಸಂಸ್ಥೆ ಧಾರವಾಡದಲ್ಲಿದೆ. ಮಾನವಶಾಸ್ತ್ರ ಸರ್ವೇಕ್ಷಣಾಲಯದ ದಕ್ಷಿಣದ ಕೇಂದ್ರ ಮತ್ತು ಭಾರತೀಯ ಭಾಷಾ ಸಂಸ್ಥಾನ ಮೈಸೂರಿನಲ್ಲಿವೆ.

ಕೊಡಗಿಗೆ ಏನೂ ಬರಲಿಲ್ಲ ಅನ್ನುವಂತಿಲ್ಲ. ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಅಲ್ಲೇ ಕಿತ್ತಳೆ ಮತ್ತಿತರ ಹಣ್ಣುಗಳಿಗೆ ತೋಟಗಾರಿಕೆ ಪ್ರಯೋಗ ಕೇಂದ್ರ ಇದೆ. ಅಪ್ಪಂಗಳದಲ್ಲಿ ಏಲಕ್ಕಿಗೆ ಒಂದು ಕೇಂದ್ರ. ಪೊನ್ನಂಪೇಟೆಯಲ್ಲಿ 1995ರಿಂದ ಅರಣ್ಯ ಕಾಲೇಜು. ಕಾಫಿಗೆ, ಕಿತ್ತಳೆಗೆ, ಏಲಕ್ಕಿಗೆ, ಮರಕ್ಕೆ ಎಲ್ಲದಕ್ಕೂ ಸಂಶೋಧಕರ ಹುದ್ದೆ ಇದೆ. ಆ ಕಾಫಿ ಕುಯ್ಯುವವರ ಬಗ್ಗೆ, ಅವರಿರುವ ಲೈನ್ ಮನೆಯ ಬಗ್ಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಗೊಂದಲದ ಬಗ್ಗೆ ಕೂತು ಓದಲು ಒಂದು ಕಾಯಂ ಕುರ್ಚಿಯೂ ಹುಟ್ಟಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಪೊನ್ನಂಪೇಟೆಯವರು ದೇವರಕಾಡುಗಳ ಬಗ್ಗೆ ಮಾಡಿದ ಕೆಲಸದಲ್ಲಿ ಮರದ ಜೊತೆ ಮನುಷ್ಯರೂ ಬರುತ್ತಾರೆ. ಜಿಲ್ಲೆಯಲ್ಲಿ 1,214 ದೇವರಕಾಡುಗಳಿವೆ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅವನ್ನು ನೋಡಿಕೊಳ್ಳುವವರು ಯಾರು, ಒತ್ತುವರಿ ಯಾಕಾಯಿತು ಎಂದು ಕೇಳಿದರೆ ಅದು ಸಮಾಜ ವಿಜ್ಞಾನವೇ ತಾನೇ?

ಇನ್ನು ಹುದ್ದೆಗೆ ಹೋಗುವ ದಾರಿ. 1989ರ ಕೊನೆಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, ನೆಟ್ ಪರೀಕ್ಷೆ ಶುರುವಾಯಿತು. ಪಾಸಾದರೆ ಉಪನ್ಯಾಸಕರಾಗಲು ಅರ್ಹತೆ. ಇನ್ನೂ ಮೇಲೆ ಬಂದರೆ ಜೆಆರ್‌ಎಫ್, ಅಂದರೆ ಪಿಎಚ್‌ಡಿ ಮಾಡುತ್ತಾ ತಿಂಗಳ ಹಣ. 2010ರಲ್ಲಿ ಅದು 16,000 ರೂಪಾಯಿ ಇತ್ತು. 2014ರಲ್ಲಿ 25,000, 2019ರಲ್ಲಿ 31,000, 2023ರ ಜನವರಿಯಿಂದ 37,000 ಆಯಿತು. ಮೊದಲ ಎರಡು ವರ್ಷ ದಾಟಿದರೆ 42,000. ಒಳ್ಳೆಯ ದುಡ್ಡೇ. ಆದರೆ ಸಮಾಜಶಾಸ್ತ್ರದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಎಂ.ಎ. ಬರೆದವರಿಗೆ ಅರ್ಧ ಉಸಿರು ಅಲ್ಲೇ ಹೋಗುತ್ತದೆ. ರಾಜ್ಯವೇ ನಡೆಸುವ ಕೆ-ಸೆಟ್ ಪರೀಕ್ಷೆಯಲ್ಲಿ ಕನ್ನಡ ಉಂಟು, ಆದರೆ ಅದರಲ್ಲಿ ಫೆಲೋಶಿಪ್ ಇಲ್ಲ. ಅದು ಪಾಠ ಮಾಡಲು ಅರ್ಹತೆ ಅಷ್ಟೇ.

ನಿಯಮಗಳಂತೂ ನಮ್ಮ ಆಷಾಢದ ಆಕಾಶದ ಹಾಗೆ. ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು 2021ರ ಜುಲೈಯಿಂದ ಪಿಎಚ್‌ಡಿ ಕಡ್ಡಾಯ ಎಂದು 2018ರಲ್ಲಿ ಯುಜಿಸಿ ಹೇಳಿತು. ಆಮೇಲೆ ಅದು 2023ರ ಜುಲೈಗೆ ಹೋಯಿತು. ಆ ದಿನ ಬರುವ ಮುನ್ನಾದಿನ, ಜೂನ್ 30ಕ್ಕೆ, ಪಿಎಚ್‌ಡಿ ಕಡ್ಡಾಯ ಅಲ್ಲ, ನೆಟ್ ಅಥವಾ ಸೆಟ್ ಸಾಕು ಎಂಬ ಆದೇಶ ಬಂತು. ಅಷ್ಟರಲ್ಲಿ ಎಷ್ಟೋ ಜನ ಸಾಲ ಮಾಡಿ ಪಿಎಚ್‌ಡಿಗೆ ಸೇರಿ ಆಗಿತ್ತು. ಎಂ.ಫಿಲ್. ಪದವಿಯನ್ನು 2022ರ ನಿಯಮದಲ್ಲಿ ತೆಗೆದೇಬಿಟ್ಟರು. 2024ರ ಜೂನ್ 18ರಂದು ನಮ್ಮ ಪಕ್ಕದ ಮನೆ ಹುಡುಗಿ ಮೈಸೂರಿಗೆ ಹೋಗಿ ನೆಟ್ ಬರೆದು ಬಂದಳು. ಮರುದಿನ ರಾತ್ರಿ ಪರೀಕ್ಷೆಯೇ ರದ್ದು ಎಂದು ಸುದ್ದಿ. ದೇಶದಲ್ಲಿ 9 ಲಕ್ಷಕ್ಕೂ ಜಾಸ್ತಿ ಜನ ಬರೆದಿದ್ದ ಪರೀಕ್ಷೆ. ಅವಳ ಅಮ್ಮ ಕೇಳಿದ್ದು ಒಂದೇ: "ಬಸ್ ಚಾರ್ಜ್ ವಾಪಸ್ ಕೊಡ್ತಾರಾ?"

ನೆಟ್ ಆಗದವರಿಗೆ, ಆದರೂ ಕಾಯಂ ಹುದ್ದೆ ಸಿಗದವರಿಗೆ ಉಳಿಯುವುದು ಎರಡು. ಒಂದು, ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹೆಸರಿಗೆ ಅತಿಥಿ, ಹತ್ತು ಹದಿನೈದು ವರ್ಷ ಅತಿಥಿಯಾಗಿಯೇ ಇದ್ದವರಿದ್ದಾರೆ. 2022ರ ಆರಂಭದಲ್ಲಿ ಮುಷ್ಕರ ಮಾಡಿದ ಮೇಲೆ ಗೌರವಧನ, ಅರ್ಹತೆ ಮತ್ತು ಅನುಭವ ನೋಡಿ, 26,000ದಿಂದ 32,000 ರೂಪಾಯಿವರೆಗೆ ಆಯಿತು. ಇನ್ನೊಂದು, ಯೋಜನೆಯ ಕೆಲಸ.

ಯೋಜನೆಯ ಕೆಲಸ ಹುಟ್ಟುವುದು ಹೀಗೆ. ದೂರದ ಸಂಸ್ಥೆಯ ಒಬ್ಬ ಪ್ರಾಧ್ಯಾಪಕರು ಪರಿಷತ್ತಿಗೋ, ಇಲಾಖೆಗೋ, ವಿದೇಶದ ನಿಧಿಗೋ ಅರ್ಜಿ ಹಾಕುತ್ತಾರೆ. ಮಂಜೂರಾದ ಹಣದಲ್ಲಿ ಸಿಬ್ಬಂದಿಗೆ ಇಷ್ಟು, ಓಡಾಟಕ್ಕೆ ಇಷ್ಟು, ಸಂಸ್ಥೆಯ ಖರ್ಚಿಗೆ ಇಷ್ಟು ಎಂದು ಪಾಲು ಇರುತ್ತದೆ. ಸಿಬ್ಬಂದಿ ಅಂದರೆ ಮೇಲೆ ರಿಸರ್ಚ್ ಅಸೋಸಿಯೇಟ್, ನಡುವೆ ರಿಸರ್ಚ್ ಅಸಿಸ್ಟೆಂಟ್, ಕೆಳಗೆ ಫೀಲ್ಡ್ ಇನ್ವೆಸ್ಟಿಗೇಟರ್. ಮೊದಲ ಇಬ್ಬರು ಸಾಮಾನ್ಯವಾಗಿ ಸಂಸ್ಥೆ ಇರುವ ಊರಿನವರು. ಕೊನೆಯವನು ಮಾತ್ರ ಸ್ಥಳೀಯ ಆಗಿರಬೇಕು. ಭಾಷೆ ಗೊತ್ತಿರಬೇಕಲ್ಲ!

ಆ ಕೊನೆಯವನು ನಾನೂ ಆಗಿದ್ದೆ. ಬಹಳ ವರ್ಷದ ಮಾತು. ಎಂಟು ತಿಂಗಳ ಕೆಲಸ, ಕಾಫಿ ಬೆಳೆಯುವ ಮನೆಗಳ ಸಮೀಕ್ಷೆ. ಬೆಳಿಗ್ಗೆ ಗೋಣಿಕೊಪ್ಪದಲ್ಲಿ ಬಸ್ ಹತ್ತಿ ಎಲ್ಲೋ ಇಳಿದು ತೋಟದ ರಸ್ತೆಯಲ್ಲಿ ನಡೆಯುವುದು. ಜಿಗಣೆಗೆ ಅಂತ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು, ಫಾರಂ ನೆನೆಯದ ಹಾಗೆ ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಫಾರಮ್ಮಿನ ಎರಡನೇ ಪ್ರಶ್ನೆ: 'ನಿಮ್ಮ ಕುಟುಂಬದಲ್ಲಿ ಎಷ್ಟು ಜನ?' ಒಬ್ಬ ಕೊಡವ ತಾತ ಬೆರಳು ಮಡಿಸುತ್ತಾ ಎಣಿಸತೊಡಗಿದರು. ಮೈಸೂರಿನಲ್ಲಿ ಇರುವವರು, ಮಿಲಿಟರಿಯಲ್ಲಿ ಇರುವವರು, ಮನೆತನದ ಮೂಲ ಮನೆಯಾದ ಐನ್‌ಮನೆಯ ಹತ್ತಿರ ಇರುವವರು... ನೂರೈವತ್ತು ದಾಟಿದ ಮೇಲೆ ನನ್ನ ಮುಖ ನೋಡಿ ನಿಲ್ಲಿಸಿದರು. ಅವರು ಹೇಳುತ್ತಿದ್ದದ್ದು ಒಕ್ಕದ, ಅಂದರೆ ಇಡೀ ಮನೆತನದ ಲೆಕ್ಕ. ಫಾರಂಗೆ ಬೇಕಿದ್ದದ್ದು ಒಂದೇ ಒಲೆಯಲ್ಲಿ ಉಣ್ಣುವವರ ಲೆಕ್ಕ. ಒಕ್ಕ ಅಂದರೆ ಏನು ಎಂದು 1952ರ ಆ ಪುಸ್ತಕದಲ್ಲಿ ಪುಟಗಟ್ಟಲೆ ಇದೆ. ಫಾರಂ ಮಾಡಿದವರು ಅದನ್ನು ಓದಿಯೂ ಇರಬಹುದು, ಪ್ರಶ್ನೆ ಬರೆಯುವಾಗ ನೆನಪಾಗಿರಲಿಕ್ಕಿಲ್ಲ. ನಾನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದು ಕಳಿಸಿದೆ. ಕೊನೆಯ ತಿಂಗಳ ಹಣ ಅರ್ಧ ವರ್ಷ ತಡವಾಗಿ ಬಂತು. ವರದಿಯಲ್ಲಿ ನನ್ನ ಹೆಸರೂ ಇರಲಿಲ್ಲ, ಪೆನ್ಸಿಲಿನ ಮಾತೂ ಇರಲಿಲ್ಲ.

ಇಂಥ ಕೆಲಸಕ್ಕೆ ಸುಗ್ಗಿಯೂ ಉಂಟು. 2016ರ ಡಿಸೆಂಬರಿನಲ್ಲಿ ಸಿದ್ದಾಪುರದ ಹತ್ತಿರ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತು ಹಾಕಿದಾಗ ಅಧ್ಯಯನ ಮಾಡುವವರು ಬಂದರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಇನ್ನೂ ಜಾಸ್ತಿ ಬಂದರು. ನಾಗರಹೊಳೆ ಕಾಡಿನಂಚಿನ ಆದಿವಾಸಿ ಹಾಡಿಗಳಿಗಂತೂ ಮಳೆಗಾಲ ಬಿಟ್ಟರೆ ಯಾರಾದರೂ ಬರುತ್ತಲೇ ಇರುತ್ತಾರೆ. ಒಂದು ಹಾಡಿಯಲ್ಲಿ ಅಜ್ಜಿಯೊಬ್ಬರು ನನ್ನ ಚೀಲ ನೋಡಿಯೇ, "ಹೋದ್ಸಲ ಬರ್ಕೊಂಡು ಹೋದೋರು ನಿಮ್ಮೋರೇನಾ?" ಎಂದು ಕೇಳಿದ್ದರು. ಯೋಜನೆ ಮುಗಿದರೆ ಸಂಬಂಧ ಮುಗಿಯಿತು. ಮುಂದಿನ ತಂಡ ಮತ್ತೆ ಮೊದಲನೇ ಪ್ರಶ್ನೆಯಿಂದ ಶುರು ಮಾಡುತ್ತದೆ. ಸ್ಥಳೀಯ ಹುದ್ದೆ ಇಲ್ಲದ್ದರ ನಷ್ಟ ಕೆಲಸ ಹುಡುಕುವವರಿಗೆ ಮಾತ್ರ ಅಲ್ಲ, ಉತ್ತರ ಕೊಟ್ಟು ಕೊಟ್ಟು ಸುಸ್ತಾದವರಿಗೂ ಇದೆ.

2023ರಲ್ಲಿ ಒಂದು ಬಾಗಿಲು ತೆರೆದ ಹಾಗೆ ಕಂಡಿತು. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತಲ್ಲ, ಅದೇ ಕೊಡಗು ವಿಶ್ವವಿದ್ಯಾಲಯ ಆಯಿತು. ಸ್ವಂತ ವಿಶ್ವವಿದ್ಯಾಲಯ ಇದ್ದರೆ ಸ್ವಂತ ವಿಭಾಗ, ಸ್ವಂತ ಗೈಡು. ಜೆಆರ್‌ಎಫ್ ಆದವರು ಊರಲ್ಲೇ ಪಿಎಚ್‌ಡಿ ಮಾಡಬಹುದು. ಮುಖ್ಯವಾಗಿ, ಯೋಜನೆಗೆ ಅರ್ಜಿ ಹಾಕುವ ವಿಳಾಸವೇ ಕೊಡಗಿನದು ಆಗಬಹುದು. ನಮಗೆಲ್ಲ ಅದೇ ಆಸೆ. ಆದರೆ ಹೆಸರು ಬಂದಷ್ಟು ಬೇಗ ಹಣ, ಹುದ್ದೆ ಬರಲಿಲ್ಲ. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ರಾಜ್ಯದ ಹತ್ತು ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವುದೇ ಒಳ್ಳೆಯದು ಎಂದು ಸಂಪುಟ ಉಪಸಮಿತಿ ಹೇಳಿತು. ಉಳಿದದ್ದು ಬೀದರ್ ಒಂದೇ. ಕೊಡಗು ಒಂಬತ್ತರ ಪಟ್ಟಿಯಲ್ಲಿತ್ತು.

ದುಡ್ಡಿಲ್ಲದೆ ವಿಶ್ವವಿದ್ಯಾಲಯ ಮಾಡಿದ್ದು ತಪ್ಪು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಚೆಟ್ಟಳ್ಳಿಯ ಕಾಫಿ ಕೇಂದ್ರವನ್ನು ಎರಡು ವರ್ಷಕ್ಕೆ ಲಾಭ ಬರಲಿಲ್ಲ ಅಂತ ಯಾರೂ ಮುಚ್ಚಲು ಹೊರಡಲಿಲ್ಲ, ಅಲ್ವಾ? ಅದಕ್ಕೆ ಈಗ ಎಂಬತ್ತು ವರ್ಷ ಆಗುತ್ತಾ ಬಂತು.

ಹುಡುಗಿ ಅರ್ಜಿ ಹಾಕಿದಳು. ಫೀಲ್ಡ್ ಇನ್ವೆಸ್ಟಿಗೇಟರ್ ಹುದ್ದೆಗೆ. ಫಾರಂ ತುಂಬುವಾಗ ನಮ್ಮ ಜಗುಲಿಯಲ್ಲೇ ಕೂತಿದ್ದಳು, ಅವರ ಮನೆಯಲ್ಲಿ ಆವತ್ತು ಕರೆಂಟ್ ಇರಲಿಲ್ಲ. 'ಗೊತ್ತಿರುವ ಭಾಷೆಗಳು' ಎಂಬ ಕಡೆ ಎರಡು ಗೆರೆ ಬಿಟ್ಟಿದ್ದರು. ಕನ್ನಡ, ಇಂಗ್ಲಿಷ್ ಎಂದು ತುಂಬಿಸಿದಳು. ಆಮೇಲೆ ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡಿದ್ದು, ಕೆಳಗಿನ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಅರೆಭಾಷೆ, ಕೊಡವ ತಕ್ಕ್, ಮಲಯಾಳ, ಯರವ ಮಾತು ಸ್ವಲ್ಪ ಎಂದು ಒತ್ತೊತ್ತಾಗಿ ಬರೆದಳು.