ಇದನ್ನೇ ಚಿಕ್ಕದು ಮಾಡಿ ಹಾಕಿಬಿಡಿ!

ಮೆಸೇಜಿಂಗ್ ಸಾಫ್ಟ್‌ವೇರ್ ಮಾಡಿಸುವವರಿಂದ ಈ ಮಾತು ಕೇಳಿ ಕೇಳಿ ಐಕಾನ್ ಬರೆಯುವ ನನಗೆ ಸಾಕಾಗಿದೆ. ಅವರು ಐಕಾನನ್ನು ಗೋಡೆಯಗಲದ ಪರದೆಯಲ್ಲಿ ನೋಡಿ ತಲೆದೂಗಿರುತ್ತಾರೆ. ಬಳಸುವವರಿಗೆ ಅದು ಕಾಣುವುದು ಟಾಸ್ಕ್‌ಬಾರ್‌ನ ಮೂಲೆಯಲ್ಲಿ, ಗಡಿಯಾರದ ಪಕ್ಕ, 16 ಪಿಕ್ಸೆಲ್ ಅಗಲದಲ್ಲಿ, ಅಂದರೆ ಪರದೆಯ 16 ಚುಕ್ಕಿಗಳಷ್ಟು.

ಸುಮ್ನೆ ಲೆಕ್ಕ ಹಾಕಿ. 512 ಪಿಕ್ಸೆಲ್ ಅಗಲದ ಚಿತ್ರವನ್ನು 16ಕ್ಕೆ ಇಳಿಸಿದರೆ, ಮೂಲದ 32ಕ್ಕೆ 32, ಅಂದರೆ 1,024 ಚುಕ್ಕಿಗಳು ಸೇರಿ ಒಂದೇ ಚುಕ್ಕಿಯಾಗುತ್ತವೆ. ನೀವು ಮೆಚ್ಚಿದ ಆ ನಾಜೂಕು ಗೆರೆ ಅಲ್ಲಿ 16 ಪಿಕ್ಸೆಲ್ ದಪ್ಪ ಇತ್ತು ಅಲ್ವಾ? ಇಲ್ಲಿ ಅರ್ಧ ಪಿಕ್ಸೆಲ್. ಅರ್ಧ ಪಿಕ್ಸೆಲ್ಲಿಗೆ ಬಣ್ಣ ಹಚ್ಚೋಕೆ ಆಗಲ್ಲ. ಹಾಗಾಗಿ ಕಂಪ್ಯೂಟರ್ ಗೆರೆಯ ಬಣ್ಣವನ್ನೂ ಹಿನ್ನೆಲೆಯ ಬಣ್ಣವನ್ನೂ ಕಲಸಿ ಇಡೀ ಚೌಕಕ್ಕೆ ಬಳಿಯುತ್ತದೆ. ಗೆರೆ ಎರಡು ಚೌಕಗಳ ನಡುವೆ ಬಿತ್ತೋ, ಎರಡೂ ಮಸುಕು. ಇದು ಪರದೆಯ ತಪ್ಪಲ್ಲ, ನನ್ನ ಸೋಮಾರಿತನವೂ ಅಲ್ಲ.

ಚಿಕ್ಕ ಐಕಾನ್ ಬೇರೆಯೇ ಚಿತ್ರ. ಅದನ್ನು ಹೊಸದಾಗಿ ಬರೆಯಬೇಕು. ವಿಂಡೋಸ್‌ನ ಒಂದೇ ಐಕಾನ್ ಫೈಲಿನೊಳಗೆ 16, 32, 48, 256 ಅಂತ ಬೇರೆ ಬೇರೆ ಚಿತ್ರ ಇಡಬಹುದು. ಆ ಸೌಲಭ್ಯ ಇರುವುದೇ ಇದಕ್ಕೆ. 1984ರ ಆಪಲ್ ಕಂಪ್ಯೂಟರ್ ಮ್ಯಾಕಿಂಟಾಷ್‌ಗೆ ಸುಸಾನ್ ಕೇರ್ ಐಕಾನ್ ಬರೆಯುವಾಗ ಚೌಕುಳಿ ಹಾಳೆಯಲ್ಲಿ ಒಂದೊಂದೇ ಮನೆ ತುಂಬಿ ನೋಡುತ್ತಿದ್ದರು. ಇದ್ದದ್ದು 32ಕ್ಕೆ 32 ಮನೆ. ನಮಗೆ ಅದರ ಕಾಲುಭಾಗ ಜಾಗ, ಅದರಲ್ಲೇ ನೆರಳು ಬೇಕು, ಹೊಳಪು ಬೇಕು ಅಂತ ಹಟ.

ಎಲ್ಲ ಅಳತೆಗೂ ಹೊಸದಾಗಿ ಬರೆಯಬೇಕಾ? ಯಾವಾಗಲೂ ಬೇಕಿಲ್ಲ. ಚಿತ್ರ ಸರಳವಾಗಿದ್ದರೆ 48ರಿಂದ ಮೇಲೆ ಸಾಮಾನ್ಯವಾಗಿ ಕುಗ್ಗಿಸಿದ್ದೇ ನಡೆಯುತ್ತದೆ. 16ರಲ್ಲಿ ಮಾತ್ರ ನಾನು ಬಿಡಲ್ಲ. ಪರದೆಯ ಅಳತೆಯನ್ನು ಶೇ 125, ಶೇ 150ಕ್ಕೆ ಏರಿಸಿಕೊಂಡವರಿಗೆ ಅದೇ 20, 24 ಆಗುತ್ತದೆ. ಅವನ್ನೂ ಬಿಡಲ್ಲ.

ಬಣ್ಣದ ಬಗ್ಗೆ ಒಂದೇ ಮಾತು. 1996ರಲ್ಲಿ ಬಂದ ಐಸಿಕ್ಯೂ ಎಂಬ ಮೆಸೇಜಿಂಗ್ ಸಾಫ್ಟ್‌ವೇರ್‌ನ ಹೂವಿನ ಐಕಾನ್ ಸಂಪರ್ಕ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ನೋಡೋಕೆ ಮುದ್ದಾಗಿತ್ತು. ಆದರೆ ಕೆಂಪು-ಹಸಿರು ಬೇರೆಬೇರೆಯಾಗಿ ಕಾಣದವರು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದ್ದಾರೆ. ಬಣ್ಣದ ಜೊತೆ ಆಕಾರವೂ ಬದಲಾಗಲಿ: ಆ ಕಡೆಯವರು ಇದ್ದಾರೆ ಅಂದರೆ ತುಂಬಿದ ಬೊಟ್ಟು, ಇಲ್ಲ ಅಂದರೆ ಖಾಲಿ ಉಂಗುರ.

ಒಬ್ಬ ಗ್ರಾಹಕರು ಎರಡು ಮಾತಿನ ಗುಳ್ಳೆ, ಒಳಗೆ ಮೂರು ಚುಕ್ಕಿ, ಕೆಳಗೆ ನೆರಳು ಇದ್ದ ಐಕಾನನ್ನು ಬಿಡಲೇ ಒಪ್ಪಲಿಲ್ಲ. ವಾದ ಮಾಡಿ ಸುಸ್ತಾಗಿ, ಕುಗ್ಗಿಸಿಯೇ ಹಾಕಿದೆ. ಅವರ ಲೆಕ್ಕಪತ್ರ ನೋಡುವ ಹಿರಿಯರನ್ನು ಕೂರಿಸಿ, "ಹೊಸ ಮೆಸೇಜ್ ಬಂದಿದೆಯಾ ನೋಡಿ ಸರ್" ಅಂದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಆಮೇಲೆ ಜೇಬಿನಿಂದ ಕರ್ಚೀಫು ತೆಗೆದು ಆ ಮೂಲೆಯನ್ನು ಒರೆಸಿದರು.